ಅಂತರ ಸಂಸದೀಯ ಸಂಘದೊಳಗೆ ನಾರ್ಡಿಕ್ ಬಣ: ಒಂದು ಚಾರಿತ್ರಿಕ ಅವಲೋಕನ

ಅಂತರರಾಷ್ಟ್ರೀಯ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸರ್ಕಾರಗಳ ಕಡತಗಳನ್ನು ಆಶ್ರಯಿಸುತ್ತಾರೆ. ಪ್ರಧಾನಿಗಳೂ ರಾಯಭಾರಿಗಳೂ ಸಹಿ ಹಾಕಿದ ಒಪ್ಪಂದಗಳೇ ಅಲ್ಲಿ ಮೈಲಿಗಲ್ಲುಗಳು. ಶಾಸನಸಭೆಗಳ ಸದಸ್ಯರು ಗಡಿಯಾಚೆಗೆ ಬೆಳೆಸಿಕೊಂಡ ಸಂಪರ್ಕಗಳಿಗೆ ಅಡಿಟಿಪ್ಪಣಿಯ ಸ್ಥಾನ ದೊರೆತರೆ ಹೆಚ್ಚು. ನಾರ್ಡಿಕ್ ಪರಿಷತ್ತಿನ ವಿಷಯದಲ್ಲಿ ಈ ಕ್ರಮ ದಾರಿ ತಪ್ಪಿಸುತ್ತದೆ. 1952ರಲ್ಲಿ ರೂಪುಗೊಂಡ ಈ ಪರಿಷತ್ತನ್ನು ಎರಡನೆಯ ಮಹಾಯುದ್ಧದ ನಂತರದ ರಾಜಕಾರಣದ ಕೂಸೆಂದು ಮಾತ್ರ ಕಂಡರೆ, ಅದರ ಹಿಂದಿರುವ ಸುಮಾರು 45 ವರ್ಷಗಳ ಸಂಸದೀಯ ರೂಢಿ ಕಣ್ಮರೆಯಾಗುತ್ತದೆ. ಆ ರೂಢಿ ಹುಟ್ಟಿದ್ದು ಅಂತರ ಸಂಸದೀಯ ಸಂಘದೊಳಗೆ.

ಬ್ರಿಟನ್ನಿನ ಕಾರ್ಮಿಕ ನಾಯಕ ವಿಲಿಯಂ ರಾಂಡಲ್ ಕ್ರೆಮರ್ ಹಾಗೂ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಪಾಸಿ ಇವರಿಬ್ಬರ ಪ್ರಯತ್ನದಿಂದ 1889ರಲ್ಲಿ ಪ್ಯಾರಿಸ್ಸಿನಲ್ಲಿ ಈ ಸಂಘ ಆರಂಭವಾಯಿತು. ರಾಷ್ಟ್ರಗಳ ನಡುವಣ ವಿವಾದಗಳು ಯುದ್ಧದಿಂದಲ್ಲ, ಮಧ್ಯಸ್ಥಿಕೆಯಿಂದ ಇತ್ಯರ್ಥವಾಗಬೇಕೆಂಬುದು ಅದರ ಮೂಲ ಉದ್ದೇಶ. ಉತ್ತರ ಯೂರೋಪಿನ ಸಣ್ಣ ದೇಶಗಳಿಗೆ ಈ ತತ್ತ್ವ ಬರಿಯ ಆದರ್ಶವಾಗಿರಲಿಲ್ಲ. ದೊಡ್ಡ ಸೈನ್ಯವಿಲ್ಲದವರಿಗೆ ನ್ಯಾಯಪೀಠವೇ ಕೋಟೆ. 1899ರಲ್ಲಿ ಸಂಘದ ಸಮ್ಮೇಳನ ನಾರ್ವೆಯ ಕ್ರಿಸ್ಟಿಯಾನಿಯಾದಲ್ಲಿ, ಎಂದರೆ ಇಂದಿನ ಓಸ್ಲೋದಲ್ಲಿ ಜರುಗಿತು. ಅದರ ಏರ್ಪಾಡಿನ ಕಾರ್ಯದರ್ಶಿಯಾಗಿದ್ದ ಕ್ರಿಸ್ಟಿಯನ್ ಲೌಸ್ ಲಾಂಗೆ ಮುಂದೆ 1909ರಿಂದ 1933ರವರೆಗೆ ಸಂಘದ ಮಹಾಕಾರ್ಯದರ್ಶಿಯಾದರು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಸಂಘದ ಕಚೇರಿ ಉಳಿದದ್ದು ಅವರು ಅದನ್ನು ತಮ್ಮ ಊರಿಗೆ ತಂದಿರಿಸಿಕೊಂಡದ್ದರಿಂದ.

ಈ ದೇಶಗಳ ಪ್ರತಿನಿಧಿಗಳನ್ನು ಪ್ರತ್ಯೇಕ ಬಣವಾಗಿ ಕೂಡಿಸುವ ಯೋಚನೆ ಡೆನ್ಮಾರ್ಕಿನ ಫ್ರೆಡರಿಕ್ ಬಾಯರ್ ಅವರದು. 1864ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾಗಳೆದುರು ಡೆನ್ಮಾರ್ಕ್ ಸೋತ ಯುದ್ಧದಲ್ಲಿ ಅವರು ಸೇನಾಧಿಕಾರಿಯಾಗಿ ಕಾದಿದ್ದರು; ನಂತರ 1872ರಿಂದ 1895ರವರೆಗೆ ಸಂಸದರಾಗಿದ್ದರು. ಅವರ ಪ್ರೇರಣೆಯಿಂದ 1907ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ನುಗಳ ಸಂಸದೀಯ ತಂಡಗಳು ಕೂಡಿ ನಾರ್ಡಿಕ್ ಅಂತರ ಸಂಸದೀಯ ಸಂಘವನ್ನು ಕಟ್ಟಿದವು. ಐಸ್‌ಲೆಂಡ್, ಫಿನ್‌ಲೆಂಡ್‌ಗಳು ನಂತರ ಸೇರಿಕೊಂಡವು.

ಇಲ್ಲಿ ಇಸವಿಯನ್ನು ಗಮನಿಸಬೇಕು. 1814ರಿಂದ ಒಬ್ಬನೇ ರಾಜನ ಅಡಿಯಲ್ಲಿದ್ದ ನಾರ್ವೆ ಮತ್ತು ಸ್ವೀಡನ್ ಬೇರ್ಪಟ್ಟು ಆಗಿನ್ನೂ ಎರಡೇ ವರ್ಷವಾಗಿತ್ತು. ಪ್ರತ್ಯೇಕ ಕಾನ್ಸುಲರ್ ಸೇವೆ ಬೇಕೆಂಬ ನಾರ್ವೆಯ ಕಾಯಿದೆಗೆ ಎರಡನೆಯ ಆಸ್ಕರ್ ದೊರೆ ಅಂಗೀಕಾರ ನೀಡದಿದ್ದಾಗ, 1905ರ ಜೂನ್ 7ರಂದು ನಾರ್ವೆಯ ಸಂಸತ್ತು ಒಕ್ಕೂಟವೇ ಮುಗಿಯಿತೆಂದು ಘೋಷಿಸಿತು. ಎರಡೂ ಕಡೆ ಸೈನ್ಯ ಸಿದ್ಧವಾಗಿತ್ತು. ಕಾರ್ಲ್‌ಸ್ಟಾಡಿನ ಮಾತುಕತೆ ಯುದ್ಧವನ್ನು ತಪ್ಪಿಸಿತು: ಗಡಿಯ ಕೋಟೆಗಳನ್ನು ಕೆಡವುವುದೆಂದೂ ಮುಂದಿನ ವಿವಾದಗಳನ್ನು ಹೇಗ್ ನಗರದ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಒಯ್ಯುವುದೆಂದೂ ಒಪ್ಪಿಗೆಯಾಯಿತು. ಈ ಮಾತು ಕಾಗದದಲ್ಲೇ ಉಳಿಯಲಿಲ್ಲ. ಲಾಬ್‌ಸ್ಟರ್ ಹಿಡಿಯುವ ಗ್ರಿಸ್‌ಬೋದರ್ನಾ ಎಂಬ ಸಮುದ್ರದಿಬ್ಬ ಯಾರದೆಂಬ ಜಗಳವನ್ನು ಎರಡೂ ದೇಶಗಳು 1908ರಲ್ಲಿ ಹೇಗ್‌ಗೆ ಒಪ್ಪಿಸಿದವು. 1909ರಲ್ಲಿ ಅದು ಸ್ವೀಡನ್ನಿನ ಪಾಲಾಯಿತು, ನಾರ್ವೆ ತಲೆಬಾಗಿತು. ಅಂತರ ಸಂಸದೀಯ ಸಂಘ ಎರಡು ದಶಕಗಳಿಂದ ಬೋಧಿಸುತ್ತಿದ್ದುದು ಇದನ್ನೇ. ಸ್ವೀಡನ್ನಿನಲ್ಲಿ ಒಡಕಿನ ಕಹಿ ಇನ್ನೂ ಆರದ ಕಾಲದಲ್ಲಿ ಎರಡೂ ದೇಶಗಳ ಸಂಸದರು ಒಂದು ಮೇಜಿಗೆ ಬಂದದ್ದನ್ನು ಸೌಜನ್ಯದ ಸಮಾರಂಭವೆಂದು ತಳ್ಳಿಹಾಕುವುದು ಸರಿಯಲ್ಲ.

ಹಾಗೆಂದು ಈ ಬಣದ ಸಾಧನೆಯನ್ನು ಹಿಗ್ಗಿಸಬೇಕಾಗಿಲ್ಲ. ಪೂರ್ವ ಗ್ರೀನ್‌ಲೆಂಡಿನ ಒಡೆತನಕ್ಕಾಗಿ ನಾರ್ವೆ ಮತ್ತು ಡೆನ್ಮಾರ್ಕ್ ಹೋರಾಡಿದಾಗ ಸಂಸದರಿಂದ ರಾಜಿ ಸಾಧ್ಯವಾಗಲಿಲ್ಲ. 1933ರಲ್ಲಿ ಶಾಶ್ವತ ಅಂತರರಾಷ್ಟ್ರೀಯ ನ್ಯಾಯಾಲಯವೇ ಡೆನ್ಮಾರ್ಕಿನ ಪರವಾಗಿ ತೀರ್ಪಿತ್ತಿತು. 1939–40ರ ಚಳಿಗಾಲದಲ್ಲಿ ಫಿನ್‌ಲೆಂಡ್ ಸೋವಿಯತ್ ದಾಳಿಯನ್ನು ಎದುರಿಸಿತು. 1940ರ ಏಪ್ರಿಲ್ 9ರಂದು ಜರ್ಮನಿಯ ಸೈನ್ಯ ಡೆನ್ಮಾರ್ಕ್, ನಾರ್ವೆಗಳೊಳಗೆ ನುಗ್ಗಿತು. ಸ್ವೀಡನ್ ತಟಸ್ಥವಾಗಿ ಉಳಿಯಿತು. ಒಂದೇ ಕುಟುಂಬವೆನ್ನುತ್ತಿದ್ದವರ ಅನುಭವಗಳು ಇಷ್ಟು ಬೇರೆಯಾದ ಮೇಲೆ ಹಳೆಯ ಬಣಕ್ಕೆ ಅರ್ಥ ಉಳಿದೀತೇ ಎಂಬ ಪ್ರಶ್ನೆ ಸಹಜವಾಗಿತ್ತು.

ಅದಕ್ಕೆ ಉತ್ತರ ಬಂದದ್ದು ಡೆನ್ಮಾರ್ಕಿನ ಹಾನ್ಸ್ ಹೆಡ್‌ಟಾಫ್ಟ್ ಅವರಿಂದ. 1943ರಲ್ಲಿ ಯೆಹೂದ್ಯರನ್ನು ಬಂಧಿಸಲಿದ್ದಾರೆಂಬ ಗುಟ್ಟನ್ನು ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿ ಡಕ್‌ವಿಟ್ಸ್ ಅವರಿಂದ ತಿಳಿದು, ಯೆಹೂದ್ಯ ಸಮುದಾಯದ ಮುಖಂಡರನ್ನು ಎಚ್ಚರಿಸಿದವರಲ್ಲಿ ಇವರೊಬ್ಬರು. ಸಾವಿರಾರು ಜನ ದೋಣಿಯೇರಿ ಸ್ವೀಡನ್ನಿನ ದಡ ಸೇರಿ ಜೀವ ಉಳಿಸಿಕೊಂಡರು. ನೆರೆಯ ಗಡಿ ತೆರೆದಿದ್ದರೆ ಏನಾಗಬಲ್ಲದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಪ್ರಧಾನಿಯಾಗಿದ್ದಾಗ ಅವರು ಬೆಂಬಲಿಸಿದ ಸ್ಕ್ಯಾಂಡಿನೇವಿಯದ ರಕ್ಷಣಾ ಮೈತ್ರಿಯ ಯತ್ನ 1949ರ ಆರಂಭದಲ್ಲಿ ಮುರಿದುಬಿತ್ತು. ಅದೇ ಏಪ್ರಿಲ್‌ನಲ್ಲಿ ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್‌ಗಳು ನ್ಯಾಟೋ ಸೇರಿದವು. ಸರ್ಕಾರಗಳ ಹಾದಿ ಮುಚ್ಚಿದ ಮೇಲೆ, 1951ರಲ್ಲಿ ಅಧಿಕಾರದಲ್ಲಿಲ್ಲದ ಹೆಡ್‌ಟಾಫ್ಟ್ ಸ್ಟಾಕ್‌ಹೋಮಿನಲ್ಲಿ ನೆರೆದ ನಾರ್ಡಿಕ್ ಅಂತರ ಸಂಸದೀಯ ಸಂಘದ ಮುಂದೆಯೇ ಶಾಶ್ವತ ಪರಿಷತ್ತಿನ ಪ್ರಸ್ತಾಪವಿಟ್ಟರು. ಅಂಥ ಮಾತನ್ನು ಆಡಲು ಪರಿಚಿತ ಮುಖಗಳ ಒಂದು ಸಭೆ ಸಿದ್ಧವಿತ್ತೆಂಬುದೇ ಮುಖ್ಯ.

ಸ್ವೀಡನ್ನಿನ ಕಾನೂನು ಪ್ರಾಧ್ಯಾಪಕ ನಿಲ್ಸ್ ಹರ್ಲಿಟ್ಸ್ ನಿಯಮಾವಳಿಯ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಅದರ ಸ್ವರೂಪ ಕುತೂಹಲಕರ. ದೇಶಗಳ ನಡುವೆ ಒಪ್ಪಂದವೆಂಬುದೇ ಇರಲಿಲ್ಲ. ಒಂದೇ ಒಕ್ಕಣೆಯ ನಿಯಮಗಳನ್ನು ಪ್ರತಿ ಸಂಸತ್ತೂ ಪ್ರತ್ಯೇಕವಾಗಿ ಅಂಗೀಕರಿಸಿತು. ಮೂರು ದೊಡ್ಡ ಸಂಸತ್ತುಗಳಿಂದ ತಲಾ 16, ಐಸ್‌ಲೆಂಡಿನಿಂದ 5 ಸದಸ್ಯರು. ಸಚಿವರು ಮಾತನಾಡಬಹುದು, ಮತ ಹಾಕುವಂತಿಲ್ಲ. ಪರಿಷತ್ತು ಶಿಫಾರಸು ಮಾಡಬಹುದೇ ಹೊರತು ಆಜ್ಞಾಪಿಸುವಂತಿಲ್ಲ. ಸ್ವೀಡನ್ನಿನೊಡನೆ ಮತ್ತೊಂದು ಒಕ್ಕೂಟವೇ ಎಂಬ ಶಂಕೆ ನಾರ್ವೆಯಲ್ಲಿ ಜೀವಂತವಾಗಿದ್ದಾಗ ಈ ಮಿತಿಯಿಲ್ಲದೆ ಸಮ್ಮತಿ ದೊರೆಯುತ್ತಿರಲಿಲ್ಲವೆಂದು ತೋರುತ್ತದೆ. ದೌರ್ಬಲ್ಯವೆಂದು ಟೀಕಾಕಾರರು ಎತ್ತಿತೋರಿಸುವ ಅಂಶವೇ ಸಂಸ್ಥೆಯನ್ನು ಸಾಧ್ಯವಾಗಿಸಿತು. 1954ರ ಸಮಾನ ಉದ್ಯೋಗ ಮಾರುಕಟ್ಟೆ, 1955ರ ಸಾಮಾಜಿಕ ಭದ್ರತಾ ಒಪ್ಪಂದಗಳು ಇದೇ ವಾತಾವರಣದಲ್ಲಿ ಕೈಗೂಡಿದವು. ಪರಿಷತ್ತಿಗೆ ಒಪ್ಪಂದದ ಬುನಾದಿ ದೊರೆತದ್ದು ಹೆಲ್ಸಿಂಕಿ ಒಪ್ಪಂದ ಮತ್ತು ಅದರ ತಿದ್ದುಪಡಿಗಳ ಮೂಲಕ, 1962ರ ನಂತರ.

ಇಂದು ಅಂತರ ಸಂಸದೀಯ ಸಂಘದಲ್ಲಿ ಆರು ಪ್ರಾದೇಶಿಕ ಬಣಗಳಿವೆ. ಭಾರತೀಯ ಸಂಸದೀಯ ತಂಡ ಏಷ್ಯಾ–ಪೆಸಿಫಿಕ್ ಬಣದಲ್ಲಿದೆ. ನಾರ್ಡಿಕ್ ದೇಶಗಳು ಸೇರಿರುವ 'ಹನ್ನೆರಡು ಪ್ಲಸ್' ಬಣದಲ್ಲಿ ಕೆನಡಾ, ಆಸ್ಟ್ರೇಲಿಯಾಗಳೂ ಇವೆಯೆಂದರೆ ಅಲ್ಲಿ ಭೂಗೋಳ ಎಷ್ಟು ಸಡಿಲವೆಂಬುದು ತಿಳಿಯುತ್ತದೆ. ಸ್ಥಾನ ಹಂಚಿಕೆ, ಸಮಾನ ನಿಲುವಿನ ಚರ್ಚೆ ಈ ಬಣಗಳ ಮುಖ್ಯ ಕೆಲಸ. 1907ರ ಬಣ ತನ್ನಿಂದಲೇ ಒಂದು ಹೊಸ ಸಂಸ್ಥೆಗೆ ಜನ್ಮವಿತ್ತದ್ದು ವಿರಳ ಪ್ರಸಂಗ.

1953ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ಪರಿಷತ್ತಿನ ಮೊದಲ ಅಧಿವೇಶನಕ್ಕೆ ಹೆಡ್‌ಟಾಫ್ಟ್ ಅಧ್ಯಕ್ಷರಾಗಿದ್ದರು. 1955ರ ಜನವರಿಯಲ್ಲಿ, ಮತ್ತೆ ಪ್ರಧಾನಿಯಾಗಿದ್ದ ಅವರು ಪರಿಷತ್ತಿನ ಅಧಿವೇಶನಕ್ಕೆಂದು ಸ್ಟಾಕ್‌ಹೋಮಿಗೆ ಬಂದು ಅಲ್ಲಿನ ಹೋಟೆಲೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸೋವಿಯತ್ ಒಕ್ಕೂಟದ ಅಸಮ್ಮತಿಯಿಂದ ಹೊರಗುಳಿದಿದ್ದ ಫಿನ್‌ಲೆಂಡ್ ಅದೇ ವರ್ಷದ ಕೊನೆಯ ಭಾಗದಲ್ಲಿ, ರಕ್ಷಣಾ ವಿಚಾರಗಳ ಚರ್ಚೆಗಳಲ್ಲಿ ತಾನು ಭಾಗವಹಿಸುವುದಿಲ್ಲವೆಂಬ ನಿಬಂಧನೆಯೊಡನೆ, ಪರಿಷತ್ತನ್ನು ಸೇರಲು ತೀರ್ಮಾನಿಸಿತು. ಅದರ 16 ಸದಸ್ಯರು 1956ರಲ್ಲಿ ಮೊದಲ ಬಾರಿಗೆ ತಮ್ಮ ಆಸನಗಳಲ್ಲಿ ಕುಳಿತರು.