ಬೇಜಾರು ಅನ್ನೋ ಫೋಲ್ಡರು

ಕಳೆದ ತಿಂಗಳು ರೂಮು ಖಾಲಿ ಮಾಡುವಾಗ ಹಳೇ ಹಾರ್ಡ್ ಡಿಸ್ಕೊಂದು ಕೈಗೆ ಸಿಕ್ಕಿತು. ಪುಣ್ಯಕ್ಕೆ ಇನ್ನೂ ಓಡ್ತಾ ಇತ್ತು. ಒಳಗೆ 'ಹಾಡು' ಅನ್ನೋ ಫೋಲ್ಡರು, ಅದರೊಳಗೆ ಮತ್ತೆ ನಾಲ್ಕು: ಬಸ್ಸು, ಕೋಡಿಂಗು, ಮಳೆ, ಬೇಜಾರು. ಮಾಡಿಟ್ಟವನು ನಾನೇ ಆದರೂ ನೋಡಿ ನಗು ಬಂತು. ಸಿನಿಮಾದ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಅಪ್ಪ ಕ್ಯಾಸೆಟ್ಟುಗಳನ್ನು ಜೋಡಿಸಿಡ್ತಾ ಇದ್ದಿದ್ದೇ ಬೇರೆ ರೀತಿ. ಭಾವಗೀತೆಗೆ ಒಂದು ಸಾಲು, ಯಕ್ಷಗಾನಕ್ಕೆ ಒಂದು ಸಾಲು, ರಾಜ್‌ಕುಮಾರ್ ಹಾಡಿಗೆ ಒಂದು ಸಾಲು. ಬೇಜಾರಿಗೆ ಅಂತ ಪ್ರತ್ಯೇಕ ಸಾಲು ಇರಲಿಲ್ಲ.

ಹಾಡನ್ನು ಮೂಡಿಗೆ ತಕ್ಕ ಹಾಗೆ ವಿಂಗಡಿಸೋ ಚಾಳಿ ನಮ್ಮ ಕಾಲದವರದ್ದು ಅಂತ ನಾನು ತಿಳ್ಕೊಂಡಿದ್ದೆ. ಹುಡುಕ್ತಾ ಹೋದರೆ ಅದಕ್ಕೆ ನೂರು ವರ್ಷ ದಾಟಿದೆ ಮಾರಾಯ್ರೆ!

ಶುರು ಮಾಡಿದವನು ಥಾಮಸ್ ಎಡಿಸನ್. 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದಾಗ ಆತನ ತಲೆಯಲ್ಲಿ ಸಂಗೀತ ಅಷ್ಟಾಗಿ ಇರಲಿಲ್ಲ. ಮರುವರ್ಷ ಅದರ ಉಪಯೋಗಗಳ ಪಟ್ಟಿಯೊಂದನ್ನು ಬರೆದ. ಅದರಲ್ಲಿ ಮೊದಲನೆಯದು ಗುಮಾಸ್ತನಿಲ್ಲದೆ ಪತ್ರ ಹೇಳಿ ಬರೆಸೋದು, ಸಂಗೀತ ಕೆಳಗೆಲ್ಲೋ ಇತ್ತು. ಆಮೇಲೆ ಜನ ಕೊಂಡಿದ್ದು ಹಾಡಿಗಾಗಿಯೇ ಅಂತಾದ ಮೇಲೆ ಎಡಿಸನ್ನನೂ ಅದಕ್ಕೇ ಬಿದ್ದ. ಆದರೆ ಆತನಿಗೆ ಕಿವಿ ಸರಿಯಾಗಿ ಕೇಳಿಸ್ತಾ ಇರಲಿಲ್ಲ. ಫೋನೋಗ್ರಾಫಿನ ಮರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ದವಡೆ ಮೂಲಕ ಬರೋ ಕಂಪನದಲ್ಲಿ ಹಾಡು ಕೇಳ್ತಾ ಇದ್ದನಂತೆ. ಅಂಥವನು ತನ್ನ ಕಂಪನಿಯ ರೆಕಾರ್ಡಿಗೆ ಯಾವ ಹಾಡು ಬೇಕು ಅಂತ ತಾನೇ ಕೂತು ಆರಿಸ್ತಾ ಇದ್ದ. ಹಾಡುಗಾರರ ಹೆಸರನ್ನು ಮೆರೆಸೋದಂತೂ ಅವನಿಗೆ ಇಷ್ಟವೇ ಇರಲಿಲ್ಲ. ಪ್ರತಿಸ್ಪರ್ಧಿಗಳು ಮಾರ್ತಾ ಇದ್ದಿದ್ದೇ ಹೆಸರನ್ನು. ಹಾಗಾದರೆ ಇವನು ಏನನ್ನು ಮಾರಬೇಕು?

ಮೂಡನ್ನು. ಪಿಟ್ಸ್‌ಬರ್ಗಿನ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿದ್ದ ವಾಲ್ಟರ್ ಬಿಂಗ್‌ಹ್ಯಾಮ್ ಎಂಬ ಮನಶ್ಶಾಸ್ತ್ರಜ್ಞನನ್ನು ಕಂಪನಿ ಹಿಡಿಯಿತು. ಜನರ ಕೈಗೆ 'ಮೂಡ್ ಚೇಂಜ್ ಚಾರ್ಟ್' ಅಂತ ಒಂದು ಫಾರ್ಮು ಕೊಟ್ಟರು. ಹಾಡಿಗೆ ಮುಂಚೆ ಮನಸ್ಸು ಹೇಗಿತ್ತು, ಆಮೇಲೆ ಹೇಗಾಯ್ತು, ಗುರುತು ಹಾಕಿ ಕೊಡಿ ಅಂದರು. ಅದಕ್ಕಾಗಿ ಪಾರ್ಟಿಗಳನ್ನೂ ನಡೆಸಿದರು. 1921ರಲ್ಲಿ 'ಮೂಡ್ ಮ್ಯೂಸಿಕ್' ಅನ್ನೋ ಪುಸ್ತಿಕೆ ಬಂತು. 112 ರೆಕಾರ್ಡುಗಳನ್ನು 12 ಗುಂಪು ಮಾಡಿದ್ದರು. ಶಾಂತಿಗೆ ಇಂಥವು, ಹುರುಪಿಗೆ ಇಂಥವು, ಪ್ರೀತಿಗೆ, ನೆನಪಿಗೆ, ಮಕ್ಕಳಿಗೆ... ಭಕ್ತಿಯೂ ಒಂದು ಮೂಡೇ ಅಂತ ಅದಕ್ಕೂ ಒಂದು ಗುಂಪು! ಇವತ್ತಿನ ಆ್ಯಪುಗಳಲ್ಲಿ ಕಾಣೋ ಪ್ಲೇಲಿಸ್ಟುಗಳ ಮುತ್ತಜ್ಜ ಇದೇ ಪುಸ್ತಿಕೆ ಅಂತ ನನಗನ್ನಿಸುತ್ತೆ. ಹಾಗಂತ ಈ ಐಡಿಯಾ ಎಡಿಸನ್ನನ ಕೈ ಹಿಡಿಯಲಿಲ್ಲ. 1929ರಲ್ಲಿ ಆತ ರೆಕಾರ್ಡಿನ ವ್ಯಾಪಾರವನ್ನೇ ನಿಲ್ಲಿಸಿದ.

ನಮ್ಮ ಕಡೆ ರೆಕಾರ್ಡಿನ ಕಥೆ ಶುರುವಾಗಿದ್ದು ಹೆಸರಿನಿಂದಲೇ. 1902ರಲ್ಲಿ ಕಲ್ಕತ್ತದಲ್ಲಿ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣ ಮಾಡಿಕೊಂಡಾಗ ಗೌಹರ್ ಜಾನ್ ಹಾಡಿದರು, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಗಟ್ಟಿಯಾಗಿ ಹೇಳಿದರು. ಈ ಗೌಹರ್ ಜಾನ್ ಕಡೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡರು ಅಂತ ಗೊತ್ತಾದಾಗ ಒಂಥರಾ ಆಯ್ತು. ಒಂದು ರಾಗವನ್ನು ಗಂಟೆಗಟ್ಟಲೆ ಹಾಡಬಲ್ಲವರು ಅದನ್ನು ಮೂರು ಚಿಲ್ಲರೆ ನಿಮಿಷಕ್ಕೆ ಇಳಿಸಿದ್ದರು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಹಿಂದೂಸ್ತಾನಿಯಲ್ಲಿ ಬೆಳಗಿಗೆ ಭೈರವ, ರಾತ್ರಿಗೆ ಮಾಲ್‌ಕೌಂಸ್ ಅಂತ ಹೊತ್ತಿನ ಲೆಕ್ಕ ಇದೆ. ಹಾಡುವವರು ನಿಮ್ಮ ಮನಸ್ಸು ಹೇಗಿದೆ ಅಂತ ಕೇಳೋದಿಲ್ಲ, ಹೊತ್ತೆಷ್ಟು ಅಂತ ನೋಡ್ತಾರೆ. ರೆಕಾರ್ಡು ಬಂದಮೇಲೆ ಬೆಳಗಿನ ರಾಗವನ್ನು ರಾತ್ರಿ ಊಟ ಮಾಡ್ತಾ ಕೇಳಬಹುದಾಯ್ತು. ಆಯ್ಕೆ ಹಾಡುವವರ ಕೈಯಿಂದ ಕೇಳುವವರ ಕೈಗೆ ಜಾರಿದ್ದು ಇಲ್ಲಿಂದ.

ಅದನ್ನು ಮತ್ತೆ ವಾಪಸ್ ಕಿತ್ತುಕೊಂಡಿದ್ದು ರೇಡಿಯೋ. ಇಲ್ಲೂ ಒಬ್ಬರು ಮನಶ್ಶಾಸ್ತ್ರದ ಮೇಷ್ಟ್ರು ಬರ್ತಾರೆ ನೋಡಿ! ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸ್ತಾ ಇದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ 'ವಿಠ್ಠಲ ವಿಹಾರ' ಮನೆಯಲ್ಲೇ, 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಕೇಂದ್ರ ಶುರು ಮಾಡಿದರು. ನಮ್ಮನೆ ಟ್ಯೂಬ್‌ಲೈಟು 40 ವ್ಯಾಟಿನದ್ದು, ಲೆಕ್ಕ ಹಾಕಿ :) ಆ ಕೇಂದ್ರದ ಹೆಸರು ಆಕಾಶವಾಣಿ. ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಇಡೀ ದೇಶದ ರೇಡಿಯೋ ಅದೇ ಹೆಸರಿಟ್ಟುಕೊಂಡಿತು.

ಹೆಸರೇನೋ ಆಕಾಶದ್ದು, ಆದರೆ ಯಾವ ಹಾಡು ಇಳಿಯಬೇಕು ಅಂತ ನಿರ್ಧಾರ ಆಗ್ತಾ ಇದ್ದಿದ್ದು ಭೂಮಿ ಮೇಲೇ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗ್ತಾ ಇರಲಿಲ್ಲ. ಜನರ ಅಭಿರುಚಿ ತಿದ್ದಬೇಕು ಅಂತ ಆಕಾಶವಾಣಿಯಿಂದ ಅದನ್ನು ಹೊರಗಟ್ಟಿದರು. ಜನ ತಿದ್ದಿಕೊಳ್ಳಲಿಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಂದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯ್ತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆದು ಸರ್ಕಾರವೇ ಸಿನಿಮಾ ಹಾಡಿಗೆ ಜಾಗ ಕೊಡಬೇಕಾಯ್ತು.

ನಾನು ಹುಟ್ಟುವಷ್ಟರಲ್ಲಿ ಟೀವಿ ಬಂದಿತ್ತು. ಆದರೂ ನಮ್ಮನೆ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬದ ಪಕ್ಕ ಯಾವಾಗಲೂ ರೇಡಿಯೋ. ಭದ್ರಾವತಿ ಆಕಾಶವಾಣಿ. ಕೋರಿಕೆ ಕಾರ್ಯಕ್ರಮದಲ್ಲಿ ಕೇಳಿದವರ ಹೆಸರು, ಊರು, ಅವರ ಮನೆಯವರ ಹೆಸರು ಎಲ್ಲ ಓದಿದ ಮೇಲೆ ಹಾಡು. ಅಮ್ಮನಿಗೆ ಇಷ್ಟದ್ದು ಬಂದರೆ ಪಾತ್ರೆ ತಿಕ್ಕೋದು ನಿಲ್ಲಿಸಿ ಒದ್ದೆ ಕೈಯಲ್ಲೇ ನಿಂತುಬಿಡೋಳು. ಅಂಗಳದಲ್ಲಿ ಅಡಿಕೆ ಹರವ್ತಾ ಇದ್ದ ಅಪ್ಪ ಅಲ್ಲಿಂದಲೇ ದನಿ ಸೇರಿಸೋರು. ಅವರದ್ದು ಶ್ರುತಿ ಒಂದು ಕಡೆ, ಹಾಡು ಇನ್ನೊಂದು ಕಡೆ.

ಕ್ಯಾಸೆಟ್ಟಿನ ಬಗ್ಗೆ ಹೆಚ್ಚು ಹೇಳಲ್ಲ, ಪೆನ್ಸಿಲ್ ತೂರಿಸಿ ರೀಲು ಸುತ್ತಿದವರೆಲ್ಲರಿಗೂ ಅದು ಗೊತ್ತು. ಫಿಲಿಪ್ಸ್‌ನವರು 1963ರಲ್ಲಿ ತಂದರು. ಕನ್ನಡದಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು, ಭಾವಗೀತೆ ಮನೆಮನೆಗೆ ನಡೆಯಿತು. ನನಗೆ ಮುಖ್ಯ ಅನ್ನಿಸೋದು ರಿವೈಂಡ್ ಗುಂಡಿ. ಒಂದೇ ಹಾಡನ್ನು ಹತ್ತು ಸಲ ಕೇಳೋ ಹುಚ್ಚು ಬಡವರಿಗೂ ಕೈಗೆಟುಕಿದ್ದು ಆವಾಗಲೇ.

ಇನ್ನು ವಾಕ್‌ಮನ್. ಇದರ ಕಥೆ ಓದಿದಾಗಿನಿಂದ ತಲೆಯಲ್ಲಿ ಕೊರೀತಾ ಇದೆ, ಈ ಬರಹಕ್ಕೂ ಅದೇ ಕಾರಣ. ಸೋನಿಯ ಇಬುಕಾ ಅವರಿಗೆ ವಿಮಾನ ಪ್ರಯಾಣದಲ್ಲಿ ಸಂಗೀತ ಕೇಳಬೇಕಿತ್ತು. ಪತ್ರಕರ್ತರಿಗೆಂದು ಮಾಡಿದ್ದ ಪುಟ್ಟ ಟೇಪ್ ರೆಕಾರ್ಡರಿನಿಂದ ರೆಕಾರ್ಡ್ ಮಾಡೋ ಭಾಗ ಕಿತ್ತು, ಸ್ಟೀರಿಯೋ ಸೇರಿಸಿ ಕೊಟ್ಟರು. ಅದೇ ಮುಂದೆ 1979ರ ಜುಲೈ 1ರಂದು 33,000 ಯೆನ್ನಿಗೆ ಅಂಗಡಿಗೆ ಬಂತು. ಅದಕ್ಕೂ ಮುಂಚೆ ಸೋನಿಯ ಅಕಿಯೊ ಮೊರಿಟಾ ಒಂದನ್ನು ಮನೆಗೆ ತಗೊಂಡು ಹೋಗಿ ಕೇಳ್ತಾ ಕೂತಿದ್ದಾಗ ಅವರ ಹೆಂಡತಿಗೆ ಬೇಜಾರಾಯ್ತಂತೆ. ಪಕ್ಕದಲ್ಲೇ ಇದ್ದೂ ತನ್ನನ್ನು ಹೊರಗಿಟ್ಟ ಹಾಗಾಯ್ತಲ್ಲ ಅಂತ. ಒಬ್ಬರೇ ಕೇಳೋದು ಮರ್ಯಾದೆ ಅಲ್ಲ ಅನ್ನಿಸಿ, ಮೊದಲ ವಾಕ್‌ಮನ್ನಿಗೆ ಹೆಡ್‌ಫೋನ್ ಸಿಕ್ಕಿಸೋಕೆ ಎರಡು ತೂತು ಇಟ್ಟರು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ. ಅದನ್ನು ಒತ್ತಿ ಹಿಡಿದರೆ ಹಾಡು ತಗ್ಗಿ, ಒಳಗಿದ್ದ ಮೈಕಿನ ಮೂಲಕ ಇಬ್ಬರೂ ಮಾತಾಡಬಹುದಿತ್ತು.

ಆದರೆ ಜನ ಕೊಂಡಿದ್ದು ಒಬ್ಬೊಬ್ಬರೇ ಕೇಳೋದಕ್ಕೆ. ಮುಂದಿನ ಮಾದರಿಗಳಲ್ಲಿ ಆ ಗುಂಡಿ, ಆ ಎರಡನೇ ತೂತು, ಎರಡೂ ಕ್ರಮೇಣ ಮಾಯವಾದವು. ಬಳಸದ ಫೀಚರ್ ಕಿತ್ತುಹಾಕೋದು ನಮ್ಮ ಕಸುಬಿನಲ್ಲಿ ದಿನಾ ಇರೋದೇ, ಆದರೂ ಇದನ್ನು ಓದಿದಾಗ ಹೊಟ್ಟೆ ಚುರ್ ಅಂತು.

ಇಂಜಿನಿಯರಿಂಗ್ ಓದುವಾಗ ಊರಿಗೆ ಹೋಗೋ ಬಸ್ಸಲ್ಲಿ ನಾನೂ ನನ್ನ ರೂಮ್‌ಮೇಟೂ ಒಂದೇ ಇಯರ್‌ಫೋನನ್ನು ಹಂಚಿಕೊಂಡು ಕೇಳ್ತಾ ಇದ್ದೆವು. ಎಡ ಅವನಿಗೆ, ಬಲ ನನಗೆ. ಕೆಲವು ಹಾಡುಗಳಲ್ಲಿ ಅವನಿಗೆ ತಬಲ ಮಾತ್ರ, ನನಗೆ ಪಿಟೀಲು ಮಾತ್ರ. ಒಬ್ಬ ನಿದ್ದೆಗೆ ವಾಲಿದರೆ ಇನ್ನೊಬ್ಬನ ಕಿವಿಯದ್ದು ಕಿತ್ತು ಬರೋದು. 'ಬಸ್ಸು' ಫೋಲ್ಡರು ಆ ಕಾಲದ್ದು.

ಎಂಪಿತ್ರಿ ಬಂದಮೇಲಿನದ್ದು ನಿಮಗೆಲ್ಲ ಗೊತ್ತಿರೋದೇ. 1995ರ ಜುಲೈನಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಆ ಹೆಸರು ನಿಕ್ಕಿ ಮಾಡಿದರು, 2001ರಲ್ಲಿ 5 ಜೀಬಿಯ ಐಪಾಡ್ ಬಂತು. ನನಗೆ ಖುಷಿ ಕೊಡೋದು ಶಫಲ್‌ನ ಪ್ರಸಂಗ. ನಿಜವಾದ ರ‍್ಯಾಂಡಮ್‌ನಲ್ಲಿ ಒಬ್ಬರದ್ದೇ ಹಾಡು ಎರಡು ಮೂರು ಸಲ ಸಾಲಾಗಿ ಬರೋದು ಸಹಜ. ಜನ ಅದನ್ನು ನಂಬದೆ, ಇದು ರ‍್ಯಾಂಡಮ್ ಅಲ್ಲ, ಮೋಸ ಅಂದರು. 2005ರಲ್ಲಿ ಆ್ಯಪಲ್‌ನವರು ಸ್ಮಾರ್ಟ್ ಶಫಲ್ ಅಂತ ಮಾಡಿ, ರ‍್ಯಾಂಡಮ್ ಅನ್ನಿಸೋದಕ್ಕಾಗಿ ರ‍್ಯಾಂಡಮ್ಮನ್ನು ಕಡಿಮೆ ಮಾಡಿಕೊಂಡರು. ಸಾವಿರ ಹಾಡು ಜೇಬಲ್ಲಿಟ್ಟುಕೊಂಡ ಮೇಲೂ ಮನುಷ್ಯನಿಗೆ ಯಾರೋ ಕೋರಿಕೆ ಕಾರ್ಯಕ್ರಮ ನಡೆಸ್ತಾ ಇರಬೇಕು ಅನ್ನಿಸುತ್ತಲ್ಲ!

ಈಗ 'ಬೇಜಾರು' ಫೋಲ್ಡರಿನ ವಿಷಯ. 2021ರ ಮೇ ತಿಂಗಳಲ್ಲಿ ಅಪ್ಪ ಹೋದರು. ನಾನು ಆಗ ಮನೆಯಿಂದಲೇ ಕೆಲಸ ಮಾಡ್ತಾ ಊರಲ್ಲೇ ಇದ್ದೆ. ಅಮ್ಮ ರೇಡಿಯೋದ ಮೇಲೆ ಒಂದು ಬಟ್ಟೆ ಹೊದಿಸಿಟ್ಟಳು. ಯಾರೂ ಹಾಕು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ಮಹಡಿ ಮೇಲೆ ಲ್ಯಾಪ್‌ಟಾಪ್ ಮುಂದೆ ಇಯರ್‌ಫೋನ್ ಹಾಕ್ಕೊಂಡು ಅಪ್ಪ ಗುನುಗ್ತಾ ಇದ್ದ ಹಾಡುಗಳನ್ನೇ ಒಂದು ಕಡೆ ಒಟ್ಟು ಮಾಡಿದೆ. 23 ಹಾಡು. ಒಂದನ್ನಂತೂ, ಪ್ಲೇಯರಿನ ಲೆಕ್ಕದ ಪ್ರಕಾರ, 170 ಸಲ ಕೇಳಿದ್ದೇನೆ. ದುಃಖದ ಹಾಡು ಯಾಕೆ ಹಿತ ಅನ್ನಿಸುತ್ತೆ ಅಂತ ಬರ್ಲಿನ್ನಿನ ಲೀಲಾ ತರುಫಿ ಮತ್ತು ಸ್ಟೀಫನ್ ಕೋಲ್ಶ್ 772 ಜನರನ್ನು ಕೇಳಿ 2014ರಲ್ಲಿ ಪ್ರಬಂಧ ಬರೆದಿದ್ದಾರೆ. ಅಂಥ ಹಾಡು ಕೇಳಿದಾಗ ಏನನ್ನಿಸುತ್ತೆ ಅಂದರೆ ಹೆಚ್ಚಿನವರು ಹೇಳಿದ್ದು ದುಃಖವನ್ನಲ್ಲ, ಹಳೆಯ ದಿನಗಳ ಹಂಬಲವನ್ನು. ಅದೇನೋ ಸರಿ. ಆದರೆ ಕೇಳಿ ಕೇಳಿ ನನಗೆ ಹಗುರ ಆಗ್ಲಿಲ್ಲ. ಅಮ್ಮ ಕಾಫಿ ತಗೊಂಡು ಮೇಲೆ ಬಂದಾಗೆಲ್ಲ ಪಟಕ್ಕನೆ ನಿಲ್ಲಿಸಿಬಿಡ್ತಾ ಇದ್ದೆ. ಅವಳಿಗೆ ಕೇಳಿಸಿದರೆ ನೋವಾಗುತ್ತೆ ಅಂತ.

ಮಳೆಗಾಲ ಕಳೆದು ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಚಿಕ್ಕಮ್ಮ ಬಂದವರು ಅಡುಗೆಮನೆ ಚೊಕ್ಕ ಮಾಡ್ತಾ ಬಟ್ಟೆ ತೆಗೆದು ರೇಡಿಯೋ ಹಚ್ಚಿದರು. ಅವರಿಗೇನು ಗೊತ್ತು. ಜಾಹೀರಾತು ಮುಗಿದು, ಯಾವುದೋ ಊರಿನ ಯಾರದೋ ಕೋರಿಕೆ ಅಂತ ಹೆಸರುಗಳನ್ನು ಓದಿ ಹಾಡು ಹಾಕಿದರು. ಅದೇ 170ರ ಹಾಡು. ನಾನು ಧಡಧಡ ಮೆಟ್ಟಿಲಿಳಿದು ಆರಿಸೋದಕ್ಕೆ ಅಂತ ಕೈ ಚಾಚಿದೆ.

"ಇರ್ಲಿ ಬಿಡೋ" ಅಂದಳು ಅಮ್ಮ. "ಮೇಲೆ ನೀನು ಕೇಳೋದು ಇದೇ ಅಲ್ವಾ? ನಿನ್ನ ಮಿಷನ್ನಿಂದ ಒಂದ್ಚೂರು ಹೊರಗೂ ಕೇಳ್ಸುತ್ತೆ."

ಚಿಕ್ಕಮ್ಮ ಒರೆಸೋದು ನಿಲ್ಲಿಸಿದರು. ನಾವು ಮೂವರೂ ಹಾಗೇ ನಿಂತಿದ್ದೆವು. ಎರಡನೇ ಚರಣದಲ್ಲಿ ಅಪ್ಪ ಯಾವಾಗಲೂ ತಪ್ಪಾಗಿ ಎತ್ತುತ್ತಿದ್ದ ಜಾಗ ಬಂತು. ಅಮ್ಮ ಅಪ್ಪನ ಥರವೇ, ತಪ್ಪಾಗಿಯೇ ಎತ್ತಿದಳು. ಆಮೇಲೆ ಒಲೆ ಮೇಲಿನ ಹಾಲು ಉಕ್ಕಿತು.