ಹಳ್ಳಿಗುಡಿಯ ಎರಿಭೂಮಿ ಮತ್ತು ಪೋಸ್ಕೋ

ನಮ್ಮ ಬೆಳಗಾವಿ, ಖಾನಾಪುರ ಕಡೆ ಫ್ಯಾಕ್ಟರಿಗೆ ಜಾಗ ಅನ್ನೋ ಸುದ್ದಿ ಎದ್ದಾಗೆಲ್ಲ ನನಗ ಗದಗ ಜಿಲ್ಲೆಯ ಹಳ್ಳಿಗುಡಿ ನೆನಪಾಗತೈತಿ.

2010ರ ಹೂಡಿಕೆದಾರರ ಸಮಾವೇಶದಾಗ ಕೊರಿಯಾದ ಪೋಸ್ಕೋ ಕಂಪನಿ ರಾಜ್ಯ ಸರ್ಕಾರದ ಜೋಡಿ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕ 60 ಲಕ್ಷ ಟನ್ ಉಕ್ಕು, 32,336 ಕೋಟಿ ರೂಪಾಯಿ ಬಂಡವಾಳ. ಜಾಗ ಗುರುತಿಸಿದ್ದು ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತ, 3,382 ಎಕರೆ. ಬಂಜರಲ್ಲ, ಎರಿಭೂಮಿ.

ಇಂಥಾ ಜಮೀನು ತಗೊಳ್ಳೋದು ಕೆಐಎಡಿಬಿ, 1966ರ ಕಾಯ್ದೆ ಪ್ರಕಾರ. 28(1) ಅಧಿಸೂಚನೆ ಆದ ಮ್ಯಾಲ 28(2) ನೋಟಿಸ್ ಬರತೈತಿ, ಅದು ಕೈಸೇರಿದ ದಿನದಿಂದ 30 ದಿನದೊಳಗ ತಕರಾರು ಸಲ್ಲಿಸಬೇಕು. 28(4) ಗೆಜೆಟ್‌ನಾಗ ಬಂತಂದ್ರ ಜಮೀನು ಸರ್ಕಾರದ್ದು. ಇದನ್ನ ಬರದಿಟ್ಕೋರಿ.

ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದ ನಿಂತ್ರು. ಹಂಗಂತ ಊರೆಲ್ಲ ಒಂದ ಮಾತಿನಾಗ ಇರಲಿಲ್ಲ. ಚಲೋ ರೇಟ್ ಬಂದ್ರ ಕೊಡ್ತೀವಿ ಅಂದವರೂ ಇದ್ರು. ಮಳಿ ನಂಬಿ ಬಿತ್ತೋರ ಸಂಕಟ ನಮಗೇನು ಹೊಸದ? ಅವರನ್ನ ನಾ ಬೈಯಂಗಿಲ್ಲ.

2011ರ ಜುಲೈದಾಗ ಮುಖ್ಯಮಂತ್ರಿ ಯಡಿಯೂರಪ್ಪನವರು ಭೂಸ್ವಾಧೀನ ನಿಲ್ಲಿಸಿದ್ರು. (ಅದ ತಿಂಗಳ ಕಡೀಗೆ ಅವರ ಕುರ್ಚಿನೂ ಹೋತು, ಅದು ಗಣಿ ಗದ್ದಲದಾಗ.) ಆಮ್ಯಾಲ ಎರಡು ವರ್ಷ ಬ್ಯಾರೆ ಜಾಗದ ಮಾತು ನಡದ್ವು. 2013ರ ಜುಲೈದಾಗ ಪೋಸ್ಕೋನೇ ಕರ್ನಾಟಕದ ಯೋಜನೆ ಕೈಬಿಟ್ಟಿತು.