ಹುಟ್ಟನ್ನೇ ಅಪರಾಧವೆಂದ ಕಾನೂನು

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸ್‌ನ ಇಂಗ್ಲಿಷ್ ಸೇನೆಗೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಈ ಯುದ್ಧಗಳ ಕಥೆಯಲ್ಲಿ ಸುಲ್ತಾನನ ಹೆಸರಿದೆ, ಜನರಲ್‌ಗಳ ಹೆಸರಿದೆ, ಫಿರಂಗಿಗಳ ಲೆಕ್ಕವೂ ಇದೆ. ಆ ಸೇನೆಗಳಿಗೆ ಅನ್ನ ಹೊತ್ತು ತಂದವರ ಹೆಸರು ಮಾತ್ರ ಅಪರೂಪ.

ಅನ್ನವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಇಂಗ್ಲಿಷರಿಗೆ ಎಂಟು ವರ್ಷ ಮೊದಲೇ ಗೊತ್ತಾಗಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕನಕಪುರ, ಮಳವಳ್ಳಿಯ ಹಾದಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಕೆಡಿಸಿ ಆತ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಬಂದಾಗ ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸಿದವರು ಬಂಜಾರರು, ಅಂದರೆ ನಮ್ಮ ಲಂಬಾಣಿಗರು. ಅವರನ್ನು ಆಗ ಕಳ್ಳರೆಂದು ಯಾವ ಸೇನಾಧಿಕಾರಿಯೂ ದೂರ ಇಡಲಿಲ್ಲ.

ಲಂಬಾಣಿಗರಂತೆಯೇ ಊರಿಂದೂರಿಗೆ ಸರಕು ಸಾಗಿಸುತ್ತಿದ್ದ ಇನ್ನೊಂದು ಸಮುದಾಯ ಕೊರಚ-ಕೊರಮರದು. ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಒಳನಾಡಿಗೆ ತಂದು, ಇಲ್ಲಿಂದ ಧಾನ್ಯ ಒಯ್ಯುವುದು ಅವರ ಕಸುಬು. ‘ಉಪ್ಪು ಕೊರಚ’ ಎಂಬ ಹೆಸರು ಬಂದದ್ದೇ ಇದರಿಂದ. ಬಿದಿರು ಸೀಳಿ ಮೊರ, ಕುಕ್ಕೆ ಹೆಣೆಯುವವರು ‘ದಬ್ಬೆ ಕೊರಮ’ರಾದರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮದ್ದೂರು ಮಂಡ್ಯದ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಕೊರಮರನ್ನು ಬುಟ್ಟಿ ಹೆಣೆಯುವವರು, ಉಪ್ಪು ಮತ್ತು ಧಾನ್ಯದ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವವರು ಎಂದೇ ವರ್ಣಿಸಿದ್ದಾನೆ.

ನೂರು ವರ್ಷ ಕಳೆದ ಮೇಲೆ ಇದೇ ಜನರ ಬಗ್ಗೆ ಬರೆದವರು ಹೆಚ್ಚಾಗಿ ಪೊಲೀಸ್ ಅಧಿಕಾರಿಗಳು. 1892ರಲ್ಲಿ ಮದರಾಸು ಪ್ರಾಂತದ ‘ಅಪರಾಧಿ ವರ್ಗ’ಗಳ ಬಗ್ಗೆ ಮುಲ್ಲಾಲಿ ಎಂಬ ಪೊಲೀಸ್ ಅಧಿಕಾರಿ ಪುಸ್ತಕವನ್ನೇ ಬರೆದ. ವ್ಯಾಪಾರಿ ಹೇಗೆ ಕಳ್ಳನಾದ? ಉತ್ತರಕ್ಕಾಗಿ ಆ ಜನರ ಗುಣಕ್ಕಿಂತ ಮೊದಲು ಆ ಕಾಲದ ರಸ್ತೆ, ರೈಲು ಮತ್ತು ಕಾನೂನುಗಳನ್ನು ನೋಡಬೇಕಾಗುತ್ತದೆ.

ರೈಲು ಬಂತು, ಕಸುಬು ಹೋಯಿತು

1876–78ರ ಬರಗಾಲ ಮೈಸೂರು ಸಂಸ್ಥಾನವನ್ನು ಹಿಂಡಿ ಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷಕ್ಕೂ ಕೆಳಗೆ ಇಳಿಯಿತು. ಬರದ ಬೆನ್ನಿಗೇ, 1881–82ರಲ್ಲಿ, ಬೆಂಗಳೂರಿನಿಂದ ಮದ್ದೂರು, ಮಂಡ್ಯ ಹಾದು ಮೈಸೂರಿಗೆ ರೈಲು ಓಡಿತು. ಇದಕ್ಕೂ ಮೊದಲೇ ಮದರಾಸು, ಬೊಂಬಾಯಿ ಪ್ರಾಂತಗಳಲ್ಲಿ ಹಳಿಗಳು ಹರಡಿದ್ದವು. ನೂರು ಎತ್ತುಗಳು ವಾರಗಟ್ಟಲೆ ಹೊರುತ್ತಿದ್ದ ಸರಕನ್ನು ರೈಲು ಒಂದು ದಿನದಲ್ಲಿ ತಂದು ಹಾಕತೊಡಗಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಅರಣ್ಯ ಕಾನೂನುಗಳು ಬಂದ ಮೇಲೆ ಬಿದಿರು ಕಡಿಯುವುದಕ್ಕೂ ಪರವಾನಗಿ ಬೇಕಾಯಿತು, ದನ ಮೇಯಿಸುವುದಕ್ಕೂ ಸುಂಕ ಬಂತು.

ಹೊಲವಿಲ್ಲದ, ಮನೆಯಿಲ್ಲದ, ಕಸುಬೂ ಕಳೆದುಕೊಂಡ ಜನ ಗುಂಪುಗುಂಪಾಗಿ ಅಲೆಯತೊಡಗಿದಾಗ ಅವರಲ್ಲಿ ಕೆಲವರು ಕಳ್ಳತನಕ್ಕೆ ಇಳಿದಿರಬಹುದು. ಆದರೆ ಆ ಕೆಲವರನ್ನು ಹಿಡಿದು ಶಿಕ್ಷಿಸಲು ದಂಡಸಂಹಿತೆ 1860ರಿಂದಲೇ ಇತ್ತು. ಸರ್ಕಾರ ಬಯಸಿದ್ದು ಬೇರೆ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹಿಂದಿದ್ದ ವಾದ ಸರಳವಾಗಿತ್ತು. ಭಾರತದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗೆಯೇ ಕಳ್ಳನ ಮಗ ಕಳ್ಳ. ಜಾತಿಯನ್ನು ಅನಾಗರಿಕವೆಂದು ಟೀಕಿಸುತ್ತಿದ್ದ ಆಡಳಿತವೇ ಜಾತಿಯ ತರ್ಕವನ್ನು ಎತ್ತಿಕೊಂಡು ಕಾನೂನಾಗಿ ಬರೆಯಿತು. ಇದರಂತೆ ಯಾವುದೇ ಬುಡಕಟ್ಟನ್ನು ಸರ್ಕಾರ ಅಪರಾಧಿ ಎಂದು ಅಧಿಸೂಚನೆ ಹೊರಡಿಸಬಹುದು. ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ. ಹೆಸರು ದಾಖಲಾದವರು ಹಾಜರಿ ಕೊಡಬೇಕು, ಊರು ಬಿಡಲು ಪಾಸು ಪಡೆಯಬೇಕು, ಪಾಸಿಲ್ಲದೆ ಸಿಕ್ಕರೆ ಜೈಲು. ಊರ ಮುಖ್ಯಸ್ಥರಿಗೂ ಜಮೀನುದಾರರಿಗೂ ಇವರ ಮೇಲೆ ಕಣ್ಣಿಡುವ ಹೊಣೆ ಬಿತ್ತು. ಬಡವನ ಮೇಲೆ ಊರಿನ ಬಲಿತವನಿಗೆ ಮೊದಲೇ ಇದ್ದ ಅಧಿಕಾರಕ್ಕೆ ಸರ್ಕಾರದ ಮುದ್ರೆಯೂ ಸಿಕ್ಕಂತಾಯಿತು.

ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಕಾನೂನು 1911ರಲ್ಲಿ ಹೊಸ ರೂಪದಲ್ಲಿ ಮದರಾಸು, ಬೊಂಬಾಯಿ ಪ್ರಾಂತಗಳಿಗೂ ಬಂತು. ಬೆರಳಚ್ಚು ತೆಗೆದುಕೊಳ್ಳುವುದು, ತಂದೆ ತಾಯಿಯಿಂದ ಮಕ್ಕಳನ್ನು ಬೇರ್ಪಡಿಸಿ ಇಡುವುದು ಕಾನೂನಿನ ಮಾತಾದವು. ಮೈಸೂರು ಸಂಸ್ಥಾನ ಬ್ರಿಟಿಷ್ ಪ್ರಾಂತವಾಗಿರಲಿಲ್ಲ, ನಿಜ. ಆದರೆ ಉಪ್ಪು ಹೊತ್ತು ನಡೆಯುವವನಿಗೆ ಸಂಸ್ಥಾನದ ಗಡಿಯಲ್ಲೇ ದಾರಿ ಮುಗಿಯುವುದಿಲ್ಲ. ಗಡಿಯಾಚೆ ಅವನ ಜಾತಿಯ ಹೆಸರೇ ಒಂದು ಆರೋಪಪಟ್ಟಿಯಾಗಿ ಕಾಯುತ್ತಿತ್ತು.

ಮುಳ್ಳುತಂತಿಯ ಒಳಗೆ

ಬೊಂಬಾಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ, ‘ಸೆಟ್ಲ್‌ಮೆಂಟ್’ಗಳು ಎದ್ದವು. ಐ.ಸಿ.ಎಸ್. ಅಧಿಕಾರಿ ಸ್ಟಾರ್ಟ್ ಅವುಗಳ ಮುಖ್ಯ ರೂವಾರಿ. ಕೊರವ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ್ ಮೊದಲಾದ ಸಮುದಾಯಗಳನ್ನು ತಂದು ಇಲ್ಲಿ ಇರಿಸಲಾಯಿತು. ಉದ್ದೇಶ ಸುಧಾರಣೆ ಎಂದು ಹೇಳಲಾಯಿತು, ಶಾಲೆಗಳೂ ನಡೆದವು. ಜೊತೆಗೆ ಗಿರಣಿಗಳಿಗೆ, ರೈಲ್ವೆಗೆ ಅಗ್ಗದ ಕೂಲಿಗಳೂ ಸಿಕ್ಕರು. ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’ ಒಂದು ಬಡಾವಣೆಯ ಹೆಸರು.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳು ‘ಕಪ್ಪು ಸಂಹಿತೆ’ಗಳನ್ನು ತಂದವು. ಕೆಲಸವಿಲ್ಲದೆ ಅಲೆಯುವ ಕರಿಯನನ್ನು ಅಪರಾಧಿಯೆಂದು ಹಿಡಿದು, ದಂಡ ಕಟ್ಟಲಾಗದವನನ್ನು ಬಿಳಿಯರ ತೋಟಗಳಿಗೆ ದುಡಿಮೆಗೆ ಹಚ್ಚಿದವು. ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮಾಡಿತು. ಎರಡೂ ಕಡೆ ಕಾನೂನಿನ ಕಣ್ಣಿಗೆ ಕುತ್ತಾದದ್ದು ಯಜಮಾನನಿಲ್ಲದೆ ತಿರುಗುವ ಬಡವ.

ಹೆಣ್ಣಿನ ವಿಷಯದಲ್ಲಿ ಈ ವಿರೋಧಾಭಾಸ ಇನ್ನೂ ಎದ್ದು ಕಾಣುತ್ತದೆ. ಕಣಿ ಹೇಳುವ ಕೊರವಂಜಿ ನಮ್ಮ ಯಕ್ಷಗಾನ, ಹಾಡುಗಬ್ಬಗಳಲ್ಲಿ ರಾಣಿಯ ಅಂತಃಪುರಕ್ಕೂ ಹೋಗಬಲ್ಲವಳು. 1942ರಲ್ಲಿ ಆರಂಭವಾದ ಡಾ. ಎಂ. ಶಿವರಾಂ ಅವರ ಹಾಸ್ಯ ಪತ್ರಿಕೆಗೆ ಅವಳದೇ ಹೆಸರು. ಅದೇ ಹೊತ್ತಿನಲ್ಲಿ, ಬುಟ್ಟಿ ಹೊತ್ತು ಒಬ್ಬಳೇ ಊರೂರು ಸುತ್ತುವ ನಿಜವಾದ ಕೊರವಂಜಿ ಪೊಲೀಸರ ಬರಹಗಳಲ್ಲಿ ಮನೆಗಳ ಗುಟ್ಟು ತಿಳಿದು ಗಂಡನಿಗೆ ಹೇಳುವ ಬೇಹುಗಾರ್ತಿ. ವೇದಿಕೆಯ ಮೇಲೆ ಮೆಚ್ಚುಗೆ ಪಡೆದ ಅವಳ ಸ್ವಾತಂತ್ರ್ಯ ಠಾಣೆಯಲ್ಲಿ ಸಂಶಯಕ್ಕೆ ಕಾರಣವಾಯಿತು.

1871ರ ಕಾಯ್ದೆಯ ಎರಡನೆಯ ಭಾಗ ಹಿಜಡಾ ಸಮುದಾಯದ ಮೇಲಿತ್ತು. ಅವರ ಹೆಸರು, ಆಸ್ತಿಗಳ ದಾಖಲೆ ಇಡಬೇಕು. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕುಣಿದರೆ ಶಿಕ್ಷೆ. ಉಯಿಲು ಬರೆಯುವ, ದತ್ತು ಪಡೆಯುವ ಹಕ್ಕಿಲ್ಲ. ಕಲಬುರಗಿ, ಬೀದರ್, ರಾಯಚೂರುಗಳನ್ನು ಆಳುತ್ತಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನವೂ 1919ರಲ್ಲಿ ಇಂಥದೇ ಕಾಯ್ದೆ ಮಾಡಿತು. ತೆಲಂಗಾಣ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಸಾರಿದ್ದು 2023ರಲ್ಲಿ!

ಹೆಸರು ಅಳಿದರೂ ನೆರಳು

1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಐದು ವರ್ಷಗಳ ನಂತರ ಈ ಜನ ‘ವಿಮುಕ್ತ’ರಾದರು. ಅನೇಕರು ಆಗಸ್ಟ್ 31ನ್ನೇ ತಮ್ಮ ಸ್ವಾತಂತ್ರ್ಯ ದಿನವಾಗಿ ಆಚರಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಒಂದು ಬಾಗಿಲು ಮುಚ್ಚುತ್ತಿದ್ದಂತೆ ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದ ಕಾಯ್ದೆ 1961ರದು. ಇದರಲ್ಲಿ ಜಾತಿಯ ಹೆಸರಿಲ್ಲ. ಪದೇ ಪದೇ ಶಿಕ್ಷೆಯಾದ ವ್ಯಕ್ತಿಯ ಮಾತಿದೆ. ಕಾಗದದ ಮೇಲೆ ಇದು ದೊಡ್ಡ ವ್ಯತ್ಯಾಸವೇ. ಆದರೆ ಸಂಶಯದ ಮೇಲೆ ಯಾರನ್ನು ಮೊದಲು ಎಳೆತರುತ್ತಾರೆ, ಜಾಮೀನಿಗೆ ಯಾರ ಬಳಿ ಜಮೀನಿನ ಪಹಣಿ ಇರುವುದಿಲ್ಲ ಎಂದು ಕೇಳಿಕೊಂಡರೆ ಹಳೆಯ ಪಟ್ಟಿಯ ಜನರೇ ಮತ್ತೆ ಕಣ್ಣ ಮುಂದೆ ಬರುತ್ತಾರೆ.

1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಸಬರ ಎಂಬ ವಿಮುಕ್ತ ಬುಡಕಟ್ಟಿನ ಯುವಕ ಪೊಲೀಸರ ವಶದಲ್ಲಿ ಹಿಂಸೆಗೊಳಗಾಗಿ ಸತ್ತ. ಲೇಖಕಿ ಮಹಾಶ್ವೇತಾ ದೇವಿ, ವಿದ್ವಾಂಸ ಗಣೇಶ ದೇವಿ ಮುಂತಾದವರು ಅದನ್ನು ದೇಶದ ಪ್ರಶ್ನೆಯಾಗಿಸಿದರು. ಕರ್ನಾಟಕದಲ್ಲೇ, 2011ರಲ್ಲಿ, ಪೊಲೀಸ್ ಕಾಯ್ದೆಗೆ 36-ಎ ಸೆಕ್ಷನ್ ಸೇರಿತು. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ‘ಸಂಶಯಿತ’ರ ಹೆಸರು, ವಿಳಾಸಗಳ ದಾಖಲೆ ಇಡಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. 140 ವರ್ಷಗಳ ಹಿಂದಿನ ಕಾಯ್ದೆಯ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಸಮುದಾಯದವರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸರ್ಕಾರ ಸಮುದಾಯದ ಹೆಸರನ್ನು ತೆಗೆದು ‘ವ್ಯಕ್ತಿ’ ಎಂಬ ಪದ ಹಾಕಿತು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಮಹತ್ವದ ತೀರ್ಪು ನೀಡಿತು. ಗುಡಿಸುವ ಕೆಲಸ ಒಂದು ಜಾತಿಗೆ, ಅಡುಗೆ ಇನ್ನೊಂದು ಜಾತಿಗೆ ಎನ್ನುವ ಜೈಲು ನಿಯಮಗಳನ್ನು ಅದು ರದ್ದುಮಾಡಿತು. ಕೈದಿಗಳ ದಾಖಲೆಯಲ್ಲಿ ಜಾತಿಯ ಕಲಂ ತೆಗೆಯಬೇಕು, ವಿಮುಕ್ತ ಬುಡಕಟ್ಟುಗಳ ಜನರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದು ಎಂದು ಹೇಳಿತು. 1871ರ ಕಾಯ್ದೆಯ ಇತಿಹಾಸವನ್ನೂ ತೀರ್ಪು ವಿಸ್ತಾರವಾಗಿ ಚರ್ಚಿಸಿದೆ.

ತೀರ್ಪು ಬಂದಿದೆ, ಜಾರಿಯ ಪರೀಕ್ಷೆ ನಡೆಯುವುದು ಊರುಗಳಲ್ಲಿ. ಹೊರವಲಯದಲ್ಲಿ ಅಲೆಮಾರಿಗಳ ಡೇರೆ ಬಿದ್ದ ವಾರವೇ ಊರೊಳಗೆ ಒಂದು ಕಳವಾದರೆ, ಪೊಲೀಸ್ ಜೀಪು ಯಾವ ಕಡೆ ತಿರುಗುತ್ತದೆ, ಊರವರ ಬೆರಳು ಯಾವ ಕಡೆ ತೋರುತ್ತದೆ? ಆ ಬೆರಳು ಪುರಾವೆ ಕೇಳುವ ಮುನ್ನವೇ ಡೇರೆಯ ಕಡೆ ಹೋಗುವಷ್ಟು ದಿನ, ರದ್ದಾದ ಕಾಯ್ದೆ ರದ್ದಾಗಿಲ್ಲವೆಂದೇ ತಿಳಿಯಬೇಕು.